ಗಾಳಿಗೆ ಎದುರಾಗಿ ಬರುವ ಎಲೆಕ್ಟ್ರಾನ್‌ಗಳು: ಮೂರನೇ ವಾರ

ಕೊನೆಗೂ ಪ್ಲಾಟಿನಲ್ಲಿ ಎರಡನೇ ಪಟ್ಟಿ ಕಾಣಿಸಿತು!

ಹೊಸದಾಗಿ ಓದುವವರಿಗೆ ಒಂದೆರಡು ಮಾತು. ಸೂರ್ಯನಿಂದ ಸೆಕೆಂಡಿಗೆ 350 ಕಿ.ಮೀ. ವೇಗದಲ್ಲಿ ಹೊರಟ ಸೌರ ಮಾರುತವನ್ನು (ಎಲೆಕ್ಟ್ರಾನ್, ಪ್ರೋಟಾನ್‌ಗಳ ಬಿಸಿ ಹರಿವು, ಅಂದರೆ ಪ್ಲಾಸ್ಮಾ) ಹಿಂದಿನಿಂದ 600-700 ಕಿ.ಮೀ. ವೇಗದ ಇನ್ನೊಂದು ಮಾರುತ ಬಂದು ಒತ್ತುತ್ತದೆ. ನಡುವಿನ ಪ್ಲಾಸ್ಮಾ ಬಿಗಿಯಾಗಿ ಬಿಸಿಯಾಗುತ್ತದೆ. ಅಲ್ಲಿ ಎಲೆಕ್ಟ್ರಾನ್‌ಗಳು ಹೇಗೆ ಓಡಾಡುತ್ತವೆ ಅಂತ ನೋಡಬೇಕು. ಸೌರ ಮಾರುತವನ್ನು ಅಳೆಯಲು 1994ರಲ್ಲಿ ಹಾರಿದ ವಿಂಡ್ ನೌಕೆಯ ಡೇಟಾವನ್ನು ನಾಸಾ ಎಲ್ಲರಿಗೂ ಕೊಡುತ್ತದೆ. ಅದನ್ನೇ ಪೈಥಾನ್‌ನಲ್ಲಿ ಪ್ಲಾಟ್ ಮಾಡುತ್ತಿದ್ದೇನೆ.

ಹೋದ ವಾರ ಪೂರ್ತಿ ದಾರಿ ತಪ್ಪಿದ್ದೆ. ಸುಮಾರು 250 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಎಲೆಕ್ಟ್ರಾನ್‌ಗಳು ಕಾಂತರೇಖೆ ಹಿಡಿದು ಕಿರಿದಾದ ಕಿರಣದಂತೆ ಸೂರ್ಯನಿಂದ ಹೊರಗೆ ಓಡುತ್ತವೆ. ಇದಕ್ಕೆ ಸ್ಟ್ರಾಲ್ ಅನ್ನುತ್ತಾರೆ. ನನ್ನ ಪ್ಲಾಟಿನಲ್ಲಿ ಅಡ್ಡಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಎಲೆಕ್ಟ್ರಾನ್ ಸಾಗುವ ದಿಕ್ಕಿಗೂ ಕಾಂತಕ್ಷೇತ್ರಕ್ಕೂ ನಡುವಿನ ಕೋನ. ಸ್ಟ್ರಾಲ್ 0 ಡಿಗ್ರಿಯಲ್ಲಿದ್ದದ್ದು ಇದ್ದಕ್ಕಿದ್ದಂತೆ 180ಕ್ಕೆ ಹಾರಿತು. ಎಲೆಕ್ಟ್ರಾನ್‌ಗಳೇ ತಿರುಗಿ ಬಂದವು ಅಂದುಕೊಂಡೆ. ಆದರೆ ತಿರುಗಿದ್ದು ಕಾಂತಕ್ಷೇತ್ರ. ಕೋನ ಅಳೆಯುವುದು ಅದರ ದಿಕ್ಕಿನಿಂದ, ಅಲ್ವಾ? ಈಗ ಕ್ಷೇತ್ರ ಸೂರ್ಯನ ಕಡೆಗಿದ್ದಾಗಲೆಲ್ಲ ಕೋನವನ್ನು 180ರಿಂದ ಕಳೆಯುತ್ತೇನೆ. ಹೀಗಾಗಿ ಪ್ಲಾಟಿನ ಕೆಳಗಡೆ ಯಾವಾಗಲೂ ಹೊರಗೆ ಹೋಗುವವು, ಮೇಲ್ಗಡೆ ಸೂರ್ಯನ ಕಡೆಗೆ ಬರುವವು.

ಇಷ್ಟು ಸರಿಮಾಡಿದ ಮೇಲೆ ನಿಜವಾದದ್ದು ಎದ್ದು ಕಂಡಿತು. ಎರಡು ಮಾರುತಗಳು ತಾಗುವ ಅಂಚು ದಾಟಿ, ವೇಗದ ಭಾಗಕ್ಕೆ ಬಂದ ಮೇಲೆ, ಕೆಳಗಿನ ಗಾಢ ಪಟ್ಟಿಯ ಜೊತೆ ಮೇಲೂ ಒಂದು ಮಸುಕಾದ, ಅಗಲವಾದ ಪಟ್ಟಿ. ಕೆಲವು ಗಂಟೆ ಇತ್ತು, ಆಮೇಲೆ ಕರಗಿತು.

ಇವು ಎಲ್ಲಿಂದ ಬಂದವು? ಮಾರುತಗಳ ಡಿಕ್ಕಿ ದೂರ ಹೋದಂತೆ ಜೋರಾಗುತ್ತದೆ. ಆಘಾತ ತರಂಗಗಳು ಹೆಚ್ಚಾಗಿ ಭೂಮಿಯ ಕಕ್ಷೆಯಿಂದಾಚೆಗೇ ಹುಟ್ಟುತ್ತವೆ. ಅಲ್ಲಿ ಕಾದ ಎಲೆಕ್ಟ್ರಾನ್‌ಗಳು ಅದೇ ಕಾಂತರೇಖೆ ಹಿಡಿದು ಒಳಕ್ಕೆ ಸೋರುತ್ತವೆ. 250 ಎಲೆಕ್ಟ್ರಾನ್ ವೋಲ್ಟ್ ಅಂದರೆ ಸೆಕೆಂಡಿಗೆ ಸುಮಾರು 9,400 ಕಿ.ಮೀ. ಮಾರುತ ಅದನ್ನು ಹೇಗೆ ತಡೆದೀತು!

ಒಂದು ಅನುಮಾನ ಉಳಿದಿತ್ತು. ಸೂರ್ಯ ಉಗುಳಿದ ಮೋಡವೊಂದು ಬಂದರೂ ಹೀಗೇ ಎರಡು ಪಟ್ಟಿ ಕಾಣುತ್ತದೆ. ಅದರ ಕಾಂತರೇಖೆಯ ಎರಡೂ ತುದಿ ಸೂರ್ಯನಲ್ಲೇ ಇರಬಹುದು, ಆಗ ಎಲೆಕ್ಟ್ರಾನ್‌ಗಳು ಎರಡೂ ಕಡೆಯಿಂದ ಬರುತ್ತವೆ. ಆದರೆ ಅಂಥ ಮೋಡದಲ್ಲಿ ಪ್ರೋಟಾನ್‌ಗಳು ಸಾಮಾನ್ಯವಾಗಿ ತಣ್ಣಗಿರುತ್ತವೆ. ಇಲ್ಲಿ ಅಂಚು ದಾಟುತ್ತಿದ್ದಂತೆ ಸಾಂದ್ರತೆ ಇಳಿದು ಪ್ರೋಟಾನ್ ತಾಪಮಾನ ಏರಿದೆ. ಡಿಕ್ಕಿಯದೇ ಗುರುತು ಅಂತ ನನಗೆ ನಂಬಿಕೆ ಬಂದಿದೆ.

ಸೂರ್ಯ ಒಂದು ಸುತ್ತು ತಿರುಗಿದಾಗ, ಅಂದರೆ ಸುಮಾರು 27 ದಿನಕ್ಕೆ, ಅದೇ ವೇಗದ ಮಾರುತ ಮತ್ತೆ ಬಂದಿರಬೇಕು. ಆ ದಿನಗಳ ಫೈಲ್ ಈಗ ಡೌನ್‌ಲೋಡ್ ಆಗುತ್ತಿದೆ.