ಟ್ಯಾಂಕಿನ ಕೆಳಗಿನ ರಾಣೆಯವರು ಕೊನೆಗೂ ಕಂಡರು

ನಾನು ಮಾಡುತ್ತಿರುವ ಪುಟ್ಟ ಟ್ಯಾಂಕ್ ಮಾಡೆಲಿನಲ್ಲಿ ನಿನ್ನೆ ರಾತ್ರಿ ಹನ್ನೊಂದೂವರೆಗೆ ನಮ್ಮೂರಿನ ಸೈನಿಕ ರಾಣೆಯವರು ಕಂಡರು. ನಾಲ್ಕು ತಿಂಗಳಿಂದ ಅವರು ಅಲ್ಲೇ ಇದ್ದರು, ಟ್ಯಾಂಕಿನ ಹೊಟ್ಟೆಯ ಕೆಳಗೆ. ಆದರೆ ಎಲ್ಲಿ ನಿಂತು ನೋಡಿದರೂ ಕಾಣುತ್ತಿರಲಿಲ್ಲ.

ಕಿಟ್ ಜೋಡಿಸುವುದು, ಪ್ರೈಮರ್, ಬಣ್ಣ, ಧೂಳು ಬಳಿಯುವುದು ಎಲ್ಲ ನಿಮಗೆ ಗೊತ್ತಿರುವಂಥದ್ದೇ. ಅದನ್ನು ಬಿಡುತ್ತೇನೆ. ಒಂದು ತಕರಾರು ಮಾತ್ರ ಹೇಳಲೇಬೇಕು. ಬೆಂಗಳೂರಿನ ಅಂಗಡಿಯವರು ಕಳಿಸಿದ ಡಬ್ಬದಲ್ಲಿ ಟ್ಯಾಂಕಿನ ಚಕ್ರಗಳನ್ನು ಸುತ್ತುವ ಚೈನ್ ಒಂದೇ ಕಡೆಯದು ಇತ್ತು. ಇನ್ನೊಂದು ಬರಲು ಆರು ವಾರ ಹಿಡಿಯಿತು, ಕೊರಿಯರ್ ದುಡ್ಡೂ ನನ್ನದೇ. ಫೋನ್ ಮಾಡಿದರೆ ‘ಕಾರವಾರ ತುಂಬ ದೂರ ಸಾರ್’ ಅನ್ನುತ್ತಾರೆ. ದೂರಕ್ಕೂ ಚೈನ್ ಹಾಕುವುದನ್ನು ಮರೆತಿದ್ದಕ್ಕೂ ಏನು ಸಂಬಂಧ?

ನಮ್ಮ ಕಾರವಾರದ ಟಾಗೋರ್ ಬೀಚಿನಲ್ಲಿ ಚಪಲ್ ಯುದ್ಧನೌಕೆಯ ಪಕ್ಕ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆ 2006ರಿಂದ ಇದೆ. ಚೆಂಡಿಯಾದಲ್ಲಿ ಹುಟ್ಟಿದವರು, ಪರಮವೀರ ಚಕ್ರ ಪಡೆದವರು ಅಂತ ಊರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಏನು ಮಾಡಿದರು ಅಂತ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅದನ್ನು ತೋರಿಸಬೇಕು ಅಂತಲೇ ಈ ಮಾಡೆಲ್ ಶುರು ಮಾಡಿದ್ದು.

1948ರ ಏಪ್ರಿಲ್ 8, ಪಾಕಿಸ್ತಾನದ ಜೊತೆ ಕಾಶ್ಮೀರದ ಯುದ್ಧ. ನೌಶೇರಾದಿಂದ ರಜೌರಿಗೆ ಹೋಗುವ ದಾರಿ. ದಾರಿಯಲ್ಲಿ ಮೈನುಗಳು (ನೆಲದಲ್ಲಿ ಹೂತಿಟ್ಟ ಸಿಡಿಮದ್ದು), ಅಡ್ಡ ಕೆಡವಿದ ಪೈನ್ ಮರಗಳು. ಅದನ್ನು ತೆರವು ಮಾಡುವ ಕೆಲಸ ಸೇನೆಯ ಎಂಜಿನಿಯರುಗಳ 37ನೇ ಅಸಾಲ್ಟ್ ಫೀಲ್ಡ್ ಕಂಪನಿಯದು. ರಾಣೆಯವರು ಆಗ ಸೆಕೆಂಡ್ ಲೆಫ್ಟಿನೆಂಟ್. ಕೆಲಸ ಶುರುವಾಗುವ ಹೊತ್ತಿಗೇ ಮಾರ್ಟರ್ ಗುಂಡು ಬಿತ್ತು. ಅವರ ತಂಡದ ಇಬ್ಬರು ಸತ್ತರು, ಐವರಿಗೆ ಗಾಯವಾಯಿತು. ಆ ಐವರಲ್ಲಿ ರಾಣೆಯವರೂ ಒಬ್ಬರು. ಆದರೂ ಅವರು ಕದಲಲಿಲ್ಲ. ಮುಂದಿನ ಟ್ಯಾಂಕಿನ ಕೆಳಗೆ ತೂರಿ, ಅದು ಉರುಳಿದಷ್ಟೂ ತಾವೂ ತೆವಳಿಕೊಂಡು ಹೋದರು. ಡ್ರೈವರಿಗೆ ಸನ್ನೆ ಮಾಡಲು ಎರಡು ಹಗ್ಗ. ಒಂದನ್ನು ಎಳೆದರೆ ಹೊರಡು, ಇನ್ನೊಂದನ್ನು ಎಳೆದರೆ ನಿಲ್ಲು. ನಾಲ್ಕು ದಿನ ಇಂಥ ಕೆಲಸ. ಏಪ್ರಿಲ್ 12ಕ್ಕೆ ರಜೌರಿ ನಮ್ಮ ಸೇನೆಯ ಕೈಗೆ ಬಂತು.

ಈಗ ಲೆಕ್ಕ ನೋಡಿ. ಅಲ್ಲಿದ್ದ ಸ್ಟುಅರ್ಟ್ ಟ್ಯಾಂಕಿನ ಹೊಟ್ಟೆ ನೆಲದಿಂದ ಒಂದೂವರೆ ಅಡಿಯೂ ಇಲ್ಲ. ನನ್ನ ಮಾಡೆಲಿನ ಅಳತೆ 1:35ಕ್ಕೆ, ಅಂದರೆ ಮೂವತ್ತೈದರಲ್ಲಿ ಒಂದು ಪಾಲಿಗೆ ಇಳಿಸಿದರೆ 12 ಮಿಲಿಮೀಟರ್. ಅದರೊಳಗೆ ಎಪಾಕ್ಸಿ ಪುಟ್ಟಿಯಲ್ಲಿ ತಿದ್ದಿದ ಮನುಷ್ಯ, 9 ಮಿಲಿಮೀಟರ್ ದಪ್ಪ. ಎರಡೂ ಕಡೆ ಚಕ್ರ, ಚೈನ್. ಮೇಲಿಂದ ನೋಡಿದರೆ ಬರೀ ಟ್ಯಾಂಕ್!

ಮೊದಲು ನೆಲಕ್ಕೆ ಕನ್ನಡಿ ಹಾಕಿದೆ. ಟ್ಯಾಂಕಿನ ತಳ, ಸ್ಕ್ರೂ ತೂತು ಎಲ್ಲ ಚೆನ್ನಾಗಿ ಕಂಡವು, ರಸ್ತೆಯೇ ಮಾಯವಾಯಿತು. ಕಿತ್ತು ಹಾಕಿದೆ. ಆಮೇಲೆ ಒಂದು ಕಡೆಯ ಚಕ್ರ ಕಳಚಿ ಇಟ್ಟು ನೋಡಿದೆ. ರಾಣೆಯವರು ಪೂರ್ತಿ ಕಂಡರು. ಎರಡು ದಿನ ಖುಷಿಯಾಗಿದ್ದೆ. ಮೂರನೇ ದಿನ ಮನಸ್ಸು ಒಪ್ಪಲಿಲ್ಲ. ಅವರು ಅಲ್ಲಿ ತೆವಳಿದ್ದೇ ಶತ್ರುವಿನ ಕಣ್ಣಿಗೆ ಬೀಳಬಾರದು ಅಂತ ಅಲ್ವಾ? ಚಕ್ರ ಕಳಚಿ ನಾನೇ ಅವರನ್ನು ಬಯಲಿಗೆ ತಂದ ಹಾಗಾಯಿತು. ವಾಪಸ್ ಜೋಡಿಸಿದೆ.

ದಾರಿ ತೋರಿಸಿದ್ದು ಹಗ್ಗ. ಬೆರಳು ದಪ್ಪದ ಹಗ್ಗ ಈ ಅಳತೆಗೆ ಅರ್ಧ ಮಿಲಿಮೀಟರ್ ಬರುತ್ತದೆ. ಹತ್ತಿಯ ದಾರ ಹಾಕಿದರೆ ಎಳೆ ಎದ್ದು ಕಂಬಳಿಹುಳುವಿನ ಹಾಗೆ ಕಾಣುತ್ತಿತ್ತು. ತಾಮ್ರದ ತಂತಿಗೆ ಹಗ್ಗದ ಜೋಲು ಬರಲೇ ಇಲ್ಲ. ಒಂದು ಸಂಜೆ ಅಮ್ಮ ಅಬ್ಬಲಿಗೆ ಕಟ್ಟುತ್ತಾ ಕೂತಿದ್ದರು. ಅವರ ಬಾಳೆನಾರಿನಿಂದ ಎರಡು ಎಳೆ ಸೀಳಿ, ಒದ್ದೆ ಮಾಡಿ, ತೊಡೆಯ ಮೇಲೆ ಹೊಸೆದೆ. ಹುರಿ ಕೂಡ ಕಣ್ಣಿಗೆ ಕಾಣುತ್ತದೆ! ಈ ಮಳೆಗಾಲದ ತೇವಕ್ಕೆ ಬೆಳಿಗ್ಗೆ ಬಿಚ್ಚಿಕೊಂಡಿತ್ತು. ನೀರು ಬೆರೆಸಿದ ಫೆವಿಕಾಲ್ ಸವರಿದ ಮೇಲೆ ನಿಂತಿತು. ಎರಡು ಹಗ್ಗ ಬೇರೆ ಬೇರೆ ಅಂತ ಗೊತ್ತಾಗಲು ಒಂದನ್ನು ಚಹಾದಲ್ಲಿ ಅದ್ದಿದೆ.

ಹಗ್ಗಗಳನ್ನು ಡ್ರೈವರ್ ಕಿಂಡಿಯಿಂದ ಮುಂದಕ್ಕೆ ಇಳಿಸಿ ಹೊಟ್ಟೆಯ ಕೆಳಗೆ ಒಯ್ದೆ. ಆಗ ಹೊಳೆಯಿತು, ನೋಡುವವರ ಕಣ್ಣು ಹಗ್ಗ ಹಿಡಿದೇ ಒಳಗೆ ಹೋಗುತ್ತದೆ. ರಸ್ತೆಯನ್ನು ಏರು ಮಾಡಿ, ಮುಂದಿನ ಅಂಚನ್ನು ಟ್ಯಾಂಕಿನ ಮೂತಿಯ ಹತ್ತಿರಕ್ಕೆ ಕತ್ತರಿಸಿದೆ. ಸ್ಟ್ಯಾಂಡನ್ನು ಕಣ್ಣಿನ ಮಟ್ಟಕ್ಕೆ ಎತ್ತರಿಸಿದೆ. ಪಕ್ಕದಿಂದ, ಮೇಲಿಂದ ಈಗಲೂ ಬರೀ ಟ್ಯಾಂಕ್. ಎದುರು ಬಂದು ನಿಂತರೆ ಎರಡು ಚೈನುಗಳ ನಡುವೆ ಮುಖ, ಎರಡು ಮೊಣಕೈ, ಎರಡು ಮುಷ್ಟಿಯಲ್ಲಿ ಎರಡು ಹಗ್ಗ.

ಇದೇ ಉಪಾಯ ಮುಂದಿನ ಕೆಲಸಕ್ಕೂ ಬೇಕು. ನಮ್ಮ ನೌಕಾಪಡೆಯ ಯುದ್ಧನೌಕೆ ಐಎನ್‌ಎಸ್ ಖುಕ್ರಿ, 1971ರ ಯುದ್ಧದಲ್ಲಿ ಡಿಸೆಂಬರ್ 9ರಂದು ದೀವ್ ಹತ್ತಿರ ಮುಳುಗಿದ್ದು. 18 ಅಧಿಕಾರಿಗಳು, 176 ನಾವಿಕರು ಸತ್ತರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಡಲಿಲ್ಲ. 1:350ಕ್ಕೆ ಹಡಗು 27 ಸೆಂಟಿಮೀಟರ್ ಬರುತ್ತದೆ, ಅದು ಕಷ್ಟವಲ್ಲ. ರಾತ್ರಿಯ ಕಪ್ಪು ಸಮುದ್ರ ಹೇಗೆ ಮಾಡುವುದು? ರೆಸಿನ್ (ಹುಯ್ದ ಮೇಲೆ ಗಟ್ಟಿಯಾಗುವ ದ್ರವ) ಹುಯ್ದು ಅನುಭವ ಇದ್ದವರು ಹೇಳಿ.

ಅದಕ್ಕೆ ಮುಂಚೆ ಈ ಟ್ಯಾಂಕ್ ಮಾಡೆಲಿನಲ್ಲಿ ಒಂದು ಕೆಲಸ ಬಾಕಿ ಇದೆ. ಮೊದಲ ದಿನವೇ ಸತ್ತ ರಾಣೆಯವರ ತಂಡದ ಆ ಇಬ್ಬರಿಗೆ ಜಾಗ ಬೇಕು. ಹೆಣಗಳನ್ನು ಮಾಡಲು ನನಗೆ ಮನಸ್ಸಿಲ್ಲ. ರಸ್ತೆ ಬದಿಯ ಮಣ್ಣಿನಲ್ಲಿ ಎರಡು ಸಲಿಕೆ ನೆಡುತ್ತೇನೆ. ಅಲಗು ತಗಡಿನದು, ಕತ್ತರಿಸಿ ಆಯಿತು. ಹಿಡಿಗೆ ಹಿಡಿಸೂಡಿಯ ತೆಂಗಿನ ಕಡ್ಡಿ ಕೆರೆದು ಇಟ್ಟಿದ್ದೇನೆ. ಬಣ್ಣ ಒಣಗಲು ಒಂದು ದಿನ ಬಿಸಿಲು ಬೇಕು.