ಬಸ್ ರೂಟ್ ಬದಲಾಗ್ತಾನೇ ಇರುತ್ತೆ, ಮ್ಯಾಪಿಗೆ ಯಾಕೆ ಹಾಕ್ತೀರಿ?

ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ಬೆಂಗಳೂರಿನ ಬಸ್ ರೂಟುಗಳನ್ನು ಸೇರಿಸುತ್ತೇನೆ ಅಂದ ಕೂಡಲೇ ಜನ ಕೇಳುವ ಪ್ರಶ್ನೆ ಇದು. 2004ರಲ್ಲಿ ಶುರುವಾದ ಈ ಮ್ಯಾಪನ್ನು ಯಾರು ಬೇಕಾದರೂ ತಿದ್ದಬಹುದು. ಸರಿ, ನಾಳೆ ಬಿಎಂಟಿಸಿ ಒಂದು ರೂಟ್ ಬದಲಿಸಿದರೆ ಮ್ಯಾಪನ್ನು ಸರಿ ಮಾಡುವವರು ಯಾರು?

ಆ ಬಸ್ಸಲ್ಲಿ ಓಡಾಡುವವರು. ಅಂಥವರು ಯಾರೂ ಇಲ್ಲದಿದ್ದರೆ ಆ ರೂಟನ್ನು ಹಾಕದೇ ಬಿಡುವುದು ವಾಸಿ. ಮ್ಯಾಪಲ್ಲಿ ಏನೂ ಇಲ್ಲದಿದ್ದರೆ ಜನ ಕಂಡಕ್ಟರನ್ನು ಕೇಳುತ್ತಾರೆ. ಹಳೇ ರೂಟ್ ಕಂಡರೆ ಅದನ್ನೇ ನಂಬಿ ಬಾರದ ಬಸ್ಸಿಗೆ ಕಾಯುತ್ತಾರೆ.

ರೂಟ್ ಬದಲಾಗುವುದಕ್ಕೆ ಕಾರಣ ಎಲ್ಲರಿಗೂ ಗೊತ್ತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ ಬಂತು, ಜೊತೆಗೆ ಸ್ಟೇಷನ್ನಿಗೆ ಜನರನ್ನು ತಂದು ಬಿಡುವ ಫೀಡರ್ ಬಸ್ಸುಗಳೂ ಬಂದವು. ಇಂಥದ್ದು ಕಣ್ಣಿಗೆ ಬೀಳುತ್ತದೆ, ಯಾರಾದರೂ ತಿದ್ದುತ್ತಾರೆ.

ನನಗೆ ಜಾಸ್ತಿ ಚಿಂತೆ ಇನ್ನೊಂದರದ್ದು. ಬಸ್ಸು ಹೋಗುವ ದಾರಿಯಲ್ಲೇ ಹೋಗುತ್ತಿರುತ್ತದೆ, ಮ್ಯಾಪಲ್ಲಿ ಮಾತ್ರ ರೂಟ್ ತುಂಡಾಗಿರುತ್ತದೆ. ಯಾಕೆಂದರೆ ಈ ಮ್ಯಾಪಲ್ಲಿ ರೂಟ್ ಅನ್ನುವುದು ಬೇರೆಯಾಗಿ ಎಳೆದ ಗೆರೆ ಅಲ್ಲ. ಮೊದಲೇ ಇರುವ ರಸ್ತೆಯ ತುಣುಕುಗಳನ್ನೂ ಸ್ಟಾಪುಗಳನ್ನೂ ಸಾಲಾಗಿ ಸೇರಿಸಿದ ಪಟ್ಟಿ. ಅದಕ್ಕೆ ರಿಲೇಷನ್ ಅಂತಾರೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಹೋಗುವ 500ಡಿ ತಗೊಳ್ಳಿ. ಹೋಗುವುದಕ್ಕೊಂದು, ಬರುವುದಕ್ಕೊಂದು ರಿಲೇಷನ್ ಬೇಕು. ಅದೇ ರಿಂಗ್ ರೋಡಿನ ತುಣುಕುಗಳು ಬೇರೆ ಎಷ್ಟೋ ರೂಟುಗಳ ಪಟ್ಟಿಯಲ್ಲೂ ಇರುತ್ತವೆ. ಯಾರೋ ಒಳ್ಳೆ ಮನಸ್ಸಿನಿಂದಲೇ ಒಂದು ತುಣುಕನ್ನು ಅಳಿಸಿ ಹೊಸದಾಗಿ ಬರೆದರೆ, ಅಷ್ಟೂ ರೂಟುಗಳು ಅಲ್ಲಿ ಕಡಿದುಹೋಗುತ್ತವೆ. ಅದಕ್ಕೇ ರಸ್ತೆ ತಿದ್ದುವವರಲ್ಲಿ ನನ್ನ ಬೇಡಿಕೆ ಒಂದೇ: ಅಳಿಸಬೇಡಿ, ಇರುವುದನ್ನೇ ಸರಿಸಿ, ಬೇಕಾದರೆ ಎರಡು ತುಂಡು ಮಾಡಿ. ತುಂಡು ಮಾಡಿದರೆ ಎಡಿಟರ್, ಅಂದರೆ ಮ್ಯಾಪ್ ತಿದ್ದುವ ಸಾಫ್ಟ್‌ವೇರ್, ಎರಡನ್ನೂ ಪಟ್ಟಿಯಲ್ಲಿ ಉಳಿಸಿಕೊಳ್ಳುತ್ತದೆ.

ಇನ್ನು, ಏನೂ ಬದಲಾಗಿಲ್ಲ ಅನ್ನುವುದೂ ಒಂದು ಮಾಹಿತಿಯೇ, ಅಲ್ವಾ? ಮೂರು ವರ್ಷದಿಂದ ಯಾರೂ ಮುಟ್ಟದ ರೂಟ್ ಸರಿಯಾಗಿಯೇ ಇರಬಹುದು, ನಿಂತೂ ಹೋಗಿರಬಹುದು. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ. ಅದಕ್ಕೆ 'ಚೆಕ್ ಡೇಟ್' ಅನ್ನುವ ಟ್ಯಾಗ್ ಇದೆ, ಅಂದರೆ ಕೊನೆಗೆ ಪರೀಕ್ಷಿಸಿದ ದಿನ ಬರೆಯುವ ಜಾಗ. ಬಸ್ಸಲ್ಲಿ ಹೋಗಿ ಬಂದು, ಮ್ಯಾಪಿನ ಜೊತೆ ಹೋಲಿಸಿ, ಎಲ್ಲ ಸರಿ ಇದ್ದರೆ ಆ ದಿನಾಂಕ ಹಾಕಿದರೆ ಸಾಕು. ಹೊಸ ರೂಟ್ ಸೇರಿಸುವುದಕ್ಕಿಂತ ಇದು ದೊಡ್ಡ ಉಪಕಾರ ಅಂತ ನಾನು ನಂಬಿದ್ದೇನೆ.

ಗೂಗಲ್ ಮ್ಯಾಪಿನಿಂದ ನೋಡಿ ಬರೆಯುವ ಹಾಗಿಲ್ಲ, ಲೈಸೆನ್ಸ್ ಒಪ್ಪುವುದಿಲ್ಲ. ಬಸ್ಸಿನ ಬೋರ್ಡು, ಸ್ಟಾಪಿನ ಬೋರ್ಡು, ಪ್ರಯಾಣದಲ್ಲಿ ಫೋನು ದಾಖಲಿಸಿದ ಜಿಪಿಎಸ್ ಜಾಡು, ಇಷ್ಟು ಸಾಕು. ವೇಳಾಪಟ್ಟಿಯನ್ನು ನಾನು ಹಾಕುವುದೇ ಇಲ್ಲ. ಅದಕ್ಕೆ ಜಿಟಿಎಫ್‌ಎಸ್ ಅನ್ನುವ ಬೇರೆ ಕಡತ ಮಾದರಿ ಇದೆ, ಅದು ಅಲ್ಲೇ ಇರಲಿ. ರಸ್ತೆ ಅಗೆದಿದ್ದಾರೆ ಅಂತ ನಾಲ್ಕು ದಿನ ಬಸ್ಸು ಸುತ್ತಿ ಹೋದರೆ ಅದನ್ನೂ ಮುಟ್ಟುವುದಿಲ್ಲ.

ಹೊಸಬರು ಸ್ಟಾಪುಗಳಿಂದ ಶುರು ಮಾಡಿ. ರೂಟ್ ಬದಲಾದರೂ ಸ್ಟಾಪ್ ಸಾಮಾನ್ಯವಾಗಿ ಉಳಿಯುತ್ತದೆ. ರಸ್ತೆಯ ಎರಡೂ ಬದಿಯ ಸ್ಟಾಪನ್ನು ಬೇರೆ ಬೇರೆ ಗುರುತಿಸಿ. ಹೆಸರನ್ನು ಬೋರ್ಡಿನಲ್ಲಿ ಇರುವ ಹಾಗೆ ಕನ್ನಡದಲ್ಲೂ ಹಾಕಿ. ನೆರಳಿದೆಯಾ, ಕೂರಲು ಬೆಂಚಿದೆಯಾ ಅಂತ ಕೇಳುವ ಸ್ಟ್ರೀಟ್‌ಕಂಪ್ಲೀಟ್ ಆ್ಯಪಲ್ಲಿ ಬಸ್ಸಿಗೆ ಕಾಯುತ್ತಲೇ ಉತ್ತರಿಸಬಹುದು.

ಎಡಿಟರ್ ಕಲಿಯಲು ಪುರುಸೊತ್ತಿಲ್ಲದವರು ಮ್ಯಾಪಿನ ಮೇಲೆ ಒಂದು ನೋಟ್ ಬಿಟ್ಟು ಹೋಗಿ. 'ರೂಟ್ ತಪ್ಪಾಗಿದೆ' ಅಂತ ಬರೆದರೆ ನಮಗೆ ಏನೂ ತಿಳಿಯುವುದಿಲ್ಲ. ಬಸ್ ನಂಬರ್, ಯಾವ ಕಡೆಗೆ ಹೋಗುತ್ತಿತ್ತು, ಎಲ್ಲಿ ತಿರುಗಿತು, ನೀವು ನೋಡಿದ್ದು ಯಾವತ್ತು, ಇಷ್ಟನ್ನು ಬರೆಯಿರಿ.