ಹವಾಮಾನ ದಾಖಲೆಯ ಪ್ರಗತಿ: ಟ್ರೇಸ್-ಸಿಎಂಡಿಯಲ್ಲಿ ಕಂಡ ಡ್ರೈವರಿನ ಜಾಡು

ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಐ2ಸಿ ಬಸ್ಸಿನ (ಚಿಪ್ಪುಗಳ ನಡುವೆ ದತ್ತಾಂಶ ಸಾಗಿಸುವ ತಂತಿಗಳ) ಮೂಲಕ ಬಿಎಂಇ280 ಸೆನ್ಸರನ್ನು ಜೋಡಿಸಿ ಉಷ್ಣಾಂಶ, ವಾಯುಭಾರ ಮತ್ತು ಆರ್ದ್ರತೆಯನ್ನು ದಾಖಲಿಸುವ ಕೆಲಸ ಈಗ ನಿಲ್ಲದೆ ನಡೆಯುತ್ತಿದೆ. ಲಿನಕ್ಸಿನ ತಿರುಳಾದ ಕರ್ನಲಿನಲ್ಲಿ ಸೆನ್ಸರನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಪ್ರತಿ ಅಳತೆಯನ್ನೂ ಒಂದೊಂದು ಕಡತವಾಗಿ ತೋರಿಸುತ್ತದೆ. ಈ ಹಂತದಲ್ಲಿ ನಾನು ಎತ್ತಿಕೊಂಡದ್ದು ಒಂದೇ ಪ್ರಶ್ನೆ: ಉಷ್ಣಾಂಶ, ವಾಯುಭಾರ ಎರಡೂ ಸೆನ್ಸರಿನಿಂದ ಮೂರು ಮೂರು ಬೈಟುಗಳಾಗಿಯೇ ಬರುತ್ತವೆ, ಹೀಗಿದ್ದರೂ ಬೆನ್ನುಬೆನ್ನಿಗೆ ಓದುವಾಗ ವಾಯುಭಾರದ ಕಡತಕ್ಕೆ ಮಾತ್ರ ಸುಮಾರು ಇಮ್ಮಡಿ ಸಮಯ ಏಕೆ ಹಿಡಿಯುತ್ತದೆ?

ಡ್ರೈವರಿನೊಳಗೆ ಪ್ರಿಂಟ್ ಸಾಲುಗಳನ್ನು ಸೇರಿಸಿ ಕರ್ನಲನ್ನು ಮತ್ತೆ ಕಂಪೈಲ್ ಮಾಡುವುದು ನನಗೆ ಬೇಕಿರಲಿಲ್ಲ. ಹಾಗೆ ಮುದ್ರಿಸುವ ಕೆಲಸವೇ ನಾವು ಅಳೆಯಲು ಹೊರಟ ಸಮಯವನ್ನು ಕೆಡಿಸುತ್ತದೆ. ಲಿನಕ್ಸ್ ಕರ್ನಲಿನಲ್ಲಿ 2008ರ 2.6.27 ಆವೃತ್ತಿಯಿಂದಲೂ ಅದರೊಳಗೆ ನಡೆಯುವುದನ್ನು ದಾಖಲಿಸುವ ಎಫ್‌ಟ್ರೇಸ್ ಎಂಬ ವ್ಯವಸ್ಥೆ ಇದೆ. ಅದನ್ನು ರೂಪಿಸಿದ ಸ್ಟೀವನ್ ರಾಸ್ಟೆಟ್ ಅವರೇ ಅದನ್ನು ಆಜ್ಞಾಸಾಲಿನಿಂದ ಬಳಸಲು ಟ್ರೇಸ್-ಸಿಎಂಡಿಯನ್ನೂ ಬರೆದರು. ಐ2ಸಿ ಉಪವ್ಯವಸ್ಥೆಯಲ್ಲಿ ಟ್ರೇಸ್ ಬಿಂದುಗಳು (ದಾಖಲಿಸಲೆಂದು ಕೋಡಿನಲ್ಲಿ ಗುರುತಿಸಿಟ್ಟ ಜಾಗಗಳು) ಮೊದಲೇ ಇರುವುದರಿಂದ, ರೂಟ್ ಅಧಿಕಾರದಲ್ಲಿ ರೆಕಾರ್ಡ್ ಆಜ್ಞೆಗೆ ‘-ಇ ಐ2ಸಿ’ ಎಂದು ಸೇರಿಸಿ, ಕೊನೆಯಲ್ಲಿ ವಾಯುಭಾರದ ಕಡತವನ್ನು ಓದುವ ಕ್ಯಾಟ್ ಆಜ್ಞೆಯನ್ನು ಕೊಟ್ಟರೆ, ಆ ಓದು ಮುಗಿಯುವವರೆಗಿನ ಸಂದೇಶಗಳು ಒಂದು ಕಡತದಲ್ಲಿ ಸಂಗ್ರಹವಾಗುತ್ತವೆ. ರಿಪೋರ್ಟ್ ಆಜ್ಞೆ ಅವುಗಳನ್ನು ಓದಬಲ್ಲ ಸಾಲುಗಳಾಗಿ ತೋರಿಸುತ್ತದೆ. ಪೈಯಲ್ಲಿ ಎಚ್‌ಡಿಎಂಐ ಪರದೆಗೆ ಸಂಬಂಧಿಸಿದ ಬೇರೆ ಐ2ಸಿ ಬಸ್ಸುಗಳೂ ಇರುತ್ತವೆ. ಆದ್ದರಿಂದ ಸೋಸುವ ‘-ಎಫ್’ ಬಳಸಿ, ಸೆನ್ಸರಿರುವ ಬಸ್ಸಾದ ಅಡಾಪ್ಟರ್ ಸಂಖ್ಯೆ 1ರ ಸಂದೇಶಗಳನ್ನಷ್ಟೇ ಉಳಿಸಿಕೊಂಡೆ.

ಒಂದು ಓದಿಗೆ ನಾಲ್ಕು ಸಾಲುಗಳು ಬರುತ್ತವೆ: ರೈಟ್, ರೀಡ್, ರಿಪ್ಲೈ, ರಿಸಲ್ಟ್. ರೈಟ್ ಸಾಲಿನಲ್ಲಿ ‘ಐ2ಸಿ-1 #0 ಎ=076 ಎಫ್=0000 ಎಲ್=1 [ಎಫ್‌ಎ]’ ಎಂದಿದ್ದರೆ, ಹೆಕ್ಸ್ (ಹದಿನಾರರ ಆಧಾರದ ಸಂಖ್ಯೆ) 76 ವಿಳಾಸದ ಸೆನ್ಸರಿಗೆ ಒಂದು ಬೈಟು ಹೋಗಿದೆ, ಅದು ಎಫ್‌ಎ ಎಂಬ ರಿಜಿಸ್ಟರನ್ನು, ಅಂದರೆ ಚಿಪ್ಪಿನೊಳಗಿನ ಒಂದು ಸ್ಮೃತಿಕೋಶವನ್ನು, ಸೂಚಿಸುತ್ತದೆ ಎಂದರ್ಥ. ಉತ್ತರವಾಗಿ ಬಂದ ಮೂರು ಬೈಟುಗಳು ರಿಪ್ಲೈ ಸಾಲಿನ ಆವರಣದೊಳಗೆ ಕಾಣುತ್ತವೆ.

ಇಲ್ಲಿಯೇ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಎಫ್‌ಎ ಎಂಬುದು ಉಷ್ಣಾಂಶದ ರಿಜಿಸ್ಟರ್; ನಾನು ಕೇಳಿದ್ದು ವಾಯುಭಾರವನ್ನು. ವಾಯುಭಾರದ ಎಫ್7 ಬರುವುದು ಅದರ ನಂತರದ ನಾಲ್ಕು ಸಾಲುಗಳಲ್ಲಿ. ಸೆನ್ಸರ್ ಕೊಡುವ ಕಚ್ಚಾ ವಾಯುಭಾರವನ್ನು ಉಷ್ಣಾಂಶಕ್ಕೆ ತಕ್ಕಂತೆ ಸರಿಪಡಿಸಲೇಬೇಕಾದ್ದರಿಂದ, ನಾನು ಬಳಸುತ್ತಿರುವ 6.1 ಸರಣಿಯ ಕರ್ನಲಿನ ಡ್ರೈವರ್ ಪ್ರತಿ ಸಲವೂ ಮೊದಲು ಉಷ್ಣಾಂಶವನ್ನು ಹೊಸದಾಗಿ ಓದಿಕೊಳ್ಳುತ್ತದೆ. ಆರ್ದ್ರತೆಗೂ ಇದೇ ಕ್ರಮ. ಹೀಗಾಗಿ ಮೂರು ಕಡತಗಳನ್ನು ಓದಿದರೆ ಬಸ್ಸಿನ ಮೇಲೆ ಐದು ಓದುಗಳು ನಡೆಯುತ್ತವೆ. ಲೆಕ್ಕವೂ ತಾಳೆಯಾಗುತ್ತದೆ: 100 ಕಿಲೋಹರ್ಟ್ಸ್ ವೇಗದಲ್ಲಿ ಬೈಟಿಗೆ ಒಂಬತ್ತು ಗಡಿಯಾರ ಮಿಡಿತಗಳಂತೆ, ವಿಳಾಸಗಳೂ ಸೇರಿ ಆರು ಬೈಟುಗಳ ಒಂದು ಓದಿಗೆ 540 ಮೈಕ್ರೊಸೆಕೆಂಡ್ ಬೇಕು, ವಾಯುಭಾರಕ್ಕೆ ಅದರ ಎರಡರಷ್ಟು.

ಇನ್ನೊಂದು ಸಂಗತಿಯೂ ಗಮನಕ್ಕೆ ಬಂತು. ಓದುಗಳ ನಡುವೆ ಸ್ವಲ್ಪ ಬಿಡುವು ಕೊಟ್ಟರೆ, ಮುಂದಿನ ಓದಿಗೆ ಮೊದಲು ಎಫ್4 ರಿಜಿಸ್ಟರಿಗೆ ಎರಡು ಬೈಟಿನ ಒಂದು ರೈಟ್ ಸಾಲು ಕಾಣಿಸಿಕೊಳ್ಳುತ್ತದೆ. ಬಳಕೆಯಿಲ್ಲದಾಗ ಡ್ರೈವರ್ ಸಾಧನವನ್ನು ವಿರಾಮಕ್ಕೆ ಕಳಿಸಿ, ಎಬ್ಬಿಸುವಾಗ ಅಳತೆಯ ನಿಯಂತ್ರಣವನ್ನು ಮತ್ತೆ ಬರೆಯುವುದೇ ಇದಕ್ಕೆ ಕಾರಣ. ಡ್ರೈವರನ್ನು ಸಾಧನದಿಂದ ಬಿಡಿಸಿ (ಅನ್‌ಬೈಂಡ್) ಮತ್ತೆ ಜೋಡಿಸುವಾಗಲೂ (ಬೈಂಡ್) ಟ್ರೇಸ್ ಹಿಡಿದೆ. ಡಿ0 ರಿಜಿಸ್ಟರಿಗೆ 60 ಎಂಬ ಉತ್ತರ ಬಂದಿದ್ದರಿಂದ ನನ್ನ ಬಳಿ ಇರುವುದು ಬಿಎಂಇ280 ಚಿಪ್ಪೇ ಎಂಬುದು ಖಚಿತವಾಯಿತು. ಆರ್ದ್ರತೆಯನ್ನು ಅಳೆಯದ ಬಿಎಂಪಿ280 ಆಗಿದ್ದರೆ 58 ಎಂದು ಬರುತ್ತಿತ್ತು.

ಅರ್ಧ ಮಿಲಿಸೆಕೆಂಡಿನ ಉಳಿತಾಯ ಹವಾಮಾನದ ದಾಖಲೆಗೆ ಮುಖ್ಯವಲ್ಲ. ನನಗೆ ಮುಖ್ಯವಾದದ್ದು, ನಾನು ದಾಖಲಿಸುವ ಉಷ್ಣಾಂಶವೂ ವಾಯುಭಾರದ ಲೆಕ್ಕಕ್ಕೆ ಡ್ರೈವರ್ ಬಳಸುವ ಉಷ್ಣಾಂಶವೂ ಬೇರೆ ಬೇರೆ ಓದುಗಳಿಂದ ಬಂದವು ಎಂಬುದು. ಎಫ್7ರಿಂದ ಎಫ್‌ಇವರೆಗಿನ ಎಂಟು ಬೈಟುಗಳನ್ನು ಒಂದೇ ಓದಿನಲ್ಲಿ ತೆಗೆದುಕೊಂಡರೆ ಮೂರೂ ಅಳತೆಗಳು ಒಂದೇ ಕ್ಷಣದವಾಗಿರುತ್ತವೆ. ಚಿಪ್ಪಿನ ಡೇಟಾಶೀಟಿನ ಸಲಹೆಯೂ ಅದೇ. ಹೊಸ ಕರ್ನಲುಗಳ ಡ್ರೈವರಿನಲ್ಲಿ ಬಫರ್ ಮೂಲಕ ಹೀಗೆ ಓದುವ ವ್ಯವಸ್ಥೆ ಬಂದಿದೆ. ಮುಂದಿನ ಹಂತದಲ್ಲಿ ಕರ್ನಲನ್ನು ಬದಲಿಸಿ, ರಿಪ್ಲೈ ಸಾಲಿನಲ್ಲಿ ‘ಎಲ್=8’ ಕಾಣುತ್ತದೆಯೇ ಎಂದು ಇದೇ ಆಜ್ಞೆಯಿಂದ ಪರೀಕ್ಷಿಸಲಿದ್ದೇನೆ.